ಬಳ್ಳಿಗಾವೆಯ ಮದ್ದಳೆಗಾರ: ಅಲ್ಲಮಪ್ರಭುದೇವರು

ಹನ್ನೆರಡನೆಯ ಶತಮಾನದ ಶಿವಶರಣರಲ್ಲಿ ಅಲ್ಲಮಪ್ರಭುದೇವರ ಸ್ಥಾನ ಅದ್ವಿತೀಯವಾದುದು. ಕಲ್ಯಾಣದ ಶೂನ್ಯಸಿಂಹಾಸನವನ್ನು ಏರಿದ ಆ ಮಹಾಜ್ಞಾನಿ ಮೊದಲು ಕುಳಿತದ್ದು ದೇವಾಲಯದ ರಂಗಮಂಟಪದಲ್ಲಿ, ಮದ್ದಳೆಯ ಮುಂದೆ. ಅವರ ಊರು ಇಂದಿನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ.

ಶಿಕಾರಿಪುರ, ಸೊರಬಗಳ ಸೀಮೆ ಕೆರೆಗಳ ಸೀಮೆ. ಹೊಸಬಾಳೆಯೇ ಮೊದಲಾದ ಇಲ್ಲಿನ ಹಳ್ಳಿಗಳಲ್ಲಿ ಕೆರೆಯ ನೀರನ್ನು ನೋಡಿಕೊಂಡೇ ವರ್ಷದ ಬಾಳುವೆ ಸಾಗುತ್ತದೆ. ಶಿಶಿರದ ಕೊನೆಯ ವೇಳೆಗೆ ಭತ್ತದ ಒಕ್ಕಲು ಮುಗಿದು ಕಾಳು ಮನೆ ಸೇರಿರುತ್ತದೆ. ಬೆಳಗಿನ ಮಂಜು ಏರಿಯ ಮೇಲಿಂದ ತಡವಾಗಿ ಕರಗುತ್ತದೆ. ಆಲೆಮನೆಯ ಹೊಗೆ, ಬೆಲ್ಲದ ಕಂಪು ಗಾಳಿಯಲ್ಲಿರುತ್ತವೆ. ಕೈಗೆ ಬಿಡುವು ದೊರೆತಾಗ ಬಾಯಿಗೆ ಹಾಡು ಬರುವುದು ಸಹಜ. ಕಾಮನ ಹುಣ್ಣಿಮೆ ಹತ್ತಿರವಾದಂತೆ ಹಲಗೆಯ ಸದ್ದು ಏಳುವುದು ಈ ಬಿಡುವಿನಲ್ಲಿಯೇ.

ಬಳ್ಳಿಗಾವೆ ಬರಿಯ ಹಳ್ಳಿಯಾಗಿರಲಿಲ್ಲ. ಬನವಸೆ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿತ್ತು. ಅಲ್ಲಿಯ ಕೇದಾರೇಶ್ವರ ದೇವಾಲಯ ಕೆರೆಯ ಬಳಿಯಲ್ಲಿದೆ. ಅದಕ್ಕೆ ಸೇರಿದ ಕಾಳಾಮುಖರ ಮಠಕ್ಕೆ ಕೋಡಿಯಮಠವೆಂದೇ ಹೆಸರು. 1162ರ ಶಾಸನವೊಂದು ಈ ಮಠವನ್ನು ವರ್ಣಿಸುತ್ತದೆ. ಅಲ್ಲಿ ವ್ಯಾಕರಣಾದಿ ಶಾಸ್ತ್ರಗಳ ಪಾಠ ನಡೆಯುತ್ತಿತ್ತು. ಬಡವರು, ಕುಂಟರು, ಕುರುಡರಿಗೆ ಅನ್ನವೂ ರೋಗಿಗಳಿಗೆ ಔಷಧವೂ ದೊರೆಯುತ್ತಿದ್ದವು. ಗಾಯಕರು, ವಾದ್ಯಗಾರರು, ನರ್ತಕರೂ ಆ ಅನ್ನಕ್ಕೆ ಭಾಗಿಗಳಾಗಿದ್ದರು. ವ್ಯಾಕರಣದ ವಿದ್ಯಾರ್ಥಿಯನ್ನೂ ಮದ್ದಳೆಗಾರನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ ಈ ಔದಾರ್ಯವನ್ನು ವಿದ್ಯಾಸಂಸ್ಥೆಗಳನ್ನು ನಡೆಸುವವರು ಗಮನಿಸತಕ್ಕದ್ದು.

ಅಲ್ಲಮರ ಬಾಳಿನ ಕಥೆಯನ್ನು ಮೊದಲು ವಿಸ್ತಾರವಾಗಿ ಹೇಳಿದವನು ಹರಿಹರ. ಅವನ ರಗಳೆಯ ಅಲ್ಲಮ ನಮ್ಮ ನಿಮ್ಮಂತೆಯೇ ಮನುಷ್ಯ. ವಸಂತೋತ್ಸವದ ಹೊತ್ತಿನಲ್ಲಿ ಕಮಲತೆಯೆಂಬ ಸುಂದರಿಯನ್ನು ಕಂಡು ಒಲಿದು ವರಿಸಿದರು. ಸುಖದ ದಿನಗಳು ಬಹುಕಾಲ ಉಳಿಯಲಿಲ್ಲ. ಜ್ವರಕ್ಕೆ ತುತ್ತಾಗಿ ಕಮಲತೆ ತೀರಿಕೊಂಡಳು. ಶೋಕದಿಂದ ಬುದ್ಧಿಗೆಟ್ಟವರಂತೆ ಅಲೆಯುತ್ತಿದ್ದ ಅಲ್ಲಮರು ತೋಟವೊಂದರಲ್ಲಿ ಕಾಲಿನುಗುರಿನಿಂದ ನೆಲ ಕೆರೆಯುತ್ತಿದ್ದಾಗ ಹೂತುಹೋದ ಗುಡಿಯೊಂದರ ಕಲಶ ಕಾಣಿಸಿತು. ಅಗೆಸಿ ಒಳಹೊಕ್ಕರೆ ಅನಿಮಿಷಯ್ಯನೆಂಬ ಯೋಗಿ ಅಂಗೈಯ ಲಿಂಗದಲ್ಲಿ ದೃಷ್ಟಿಯಿಟ್ಟು ಕುಳಿತಿದ್ದನು. ಆ ಲಿಂಗ ಅಲ್ಲಮರ ಕೈಗೆ ಬಂದಿತು; ಯೋಗಿಯ ಪ್ರಾಣ ಹೋಯಿತು. ಎರಡು ಸಾವುಗಳ ನಡುವೆ ಮದ್ದಳೆಗಾರ ಜಂಗಮನಾದನು.

ಹದಿನೈದನೆಯ ಶತಮಾನದಲ್ಲಿ ಪ್ರಭುಲಿಂಗಲೀಲೆಯನ್ನು ರಚಿಸಿದ ಚಾಮರಸನಿಗೆ ಈ ಕಥೆ ಒಪ್ಪಿಗೆಯಾಗಲಿಲ್ಲ. ಅವನ ಪ್ರಭು ಮಾಯೆಯ ಕೈಗೆ ಎಂದೂ ಸಿಕ್ಕಿದವನಲ್ಲ. ಭಕ್ತಿಯ ದೃಷ್ಟಿಯಿಂದ ಚಾಮರಸನ ಮಾತು ಗೌರವಾರ್ಹವೇ ಸರಿ. ಆದರೂ ಅಗಲಿಕೆಯ ಬೇಗೆಯಲ್ಲಿ ಬೆಂದು ಎದ್ದುಬಂದ ಹರಿಹರನ ಅಲ್ಲಮನು ಓದುಗರ ಎದೆಗೆ ಹೆಚ್ಚು ಹತ್ತಿರವಾಗುತ್ತಾನೆ.

ಮದ್ದಳೆಯನ್ನು ಬಿಟ್ಟರೂ ಲಯ ಅವರನ್ನು ಬಿಡಲಿಲ್ಲ. ಗುಹೇಶ್ವರ ಎಂಬ ಅಂಕಿತದಲ್ಲಿ ಅವರು ರಚಿಸಿದ ವಚನಗಳು ಸಾವಿರಕ್ಕೂ ಮೇಲ್ಪಟ್ಟು ದೊರೆತಿವೆ. ಅವುಗಳಲ್ಲಿ ಬೆಡಗಿನವು ಅನೇಕ. ಒಗಟಿನಂತೆ ಕಟ್ಟಿದ ಆ ಮಾತುಗಳಿಗೆ ಅರ್ಥ ಹುಡುಕಿ ಟೀಕಾಕಾರರು ತಲೆಮಾರುಗಳ ಕಾಲ ದುಡಿದಿದ್ದಾರೆ. ಅರ್ಥ ತಿಳಿಯುವ ಮೊದಲೇ ಕಿವಿ ಒಪ್ಪಿಬಿಡುತ್ತದೆ. ನುಡಿಯ ತೂಕ, ನಿಲುಗಡೆ, ಮರಳಿ ಬೀಳುವ ಪೆಟ್ಟು ಇವೆಲ್ಲ ವಾದ್ಯ ನುಡಿಸಿದ ಕೈಯವು.

ಶೂನ್ಯಸಂಪಾದನೆಗಳು ಹೇಳುವಂತೆ, ಅವರು ಕೆಲಸದಲ್ಲಿ ತೊಡಗಿದ್ದವರನ್ನು ಅವರವರ ಕೆಲಸದ ನೆಲೆಯಲ್ಲಿಯೇ ಕಂಡು ಮಾತಾಡಿಸುತ್ತಿದ್ದರು. ತೋಟ ಮಾಡುತ್ತಿದ್ದ ಗೊಗ್ಗಯ್ಯನಿಗೆ ದೇಹವೇ ತೋಟವೆಂಬುದನ್ನು ತಿಳಿಸಿದರು. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ರೋದಿಸುತ್ತಿದ್ದ ಮುಕ್ತಾಯಕ್ಕನೊಡನೆ ನಡೆಸಿದ ಸಂವಾದವಂತೂ ಕಮಲತೆಯ ಅಗಲಿಕೆಯನ್ನು ಬಲ್ಲವರಿಗೆ ಬೇರೆಯೇ ಬಗೆಯಲ್ಲಿ ಕೇಳಿಸುತ್ತದೆ.

ಸೊನ್ನಲಿಗೆ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮರು ಸಹಸ್ರಾರು ಜನರನ್ನು ಕೂಡಿಸಿ ಕೆರೆ ಕಟ್ಟಿಸುತ್ತಿದ್ದರು. ಅಲ್ಲಿಗೆ ಬಂದ ಅಲ್ಲಮರು ಅವರನ್ನು ಒಡ್ಡನೆಂದು ಕರೆದರು. ರೊಚ್ಚಿಗೆದ್ದ ಕೆಲಸಗಾರರು ಕಲ್ಲೆಸೆದರು. ಆ ಕಲ್ಲುಗಳು ಅಲ್ಲಮರಿಗೆ ತಾಗದೆ ಸುತ್ತಲೂ ರಾಶಿಯಾದವೆಂದು ಕಥೆ. ಕೆರೆಯ ದಡದಲ್ಲಿಯೇ ಬೆಳೆದವರಿಗೆ ಕೆರೆಯ ಬೆಲೆ ತಿಳಿಯದೆ ಇದ್ದೀತೆ? ಅವರು ಪ್ರಶ್ನಿಸಿದ್ದು ಕೆರೆಯನ್ನಲ್ಲ, ಕಟ್ಟಿಸಿದೆನೆಂಬ ಭಾವವನ್ನು. ಸಿದ್ಧರಾಮರು ಮಣಿದು ಅವರೊಡನೆ ಕಲ್ಯಾಣಕ್ಕೆ ಬಂದರು. ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆದರು.

ಬಳ್ಳಿಗಾವೆಯ ಸೀಮೆಯದೇ ಆದ ಉಡುತಡಿಯ ಅಕ್ಕಮಹಾದೇವಿಯವರನ್ನು ಕಲ್ಯಾಣದಲ್ಲಿ ಕಠಿನವಾಗಿ ಪರೀಕ್ಷಿಸಿದವರೂ, ಕೊನೆಗೆ ಆಕೆಯ ನಿಲುವಿಗೆ ತಲೆಬಾಗಿದವರೂ ಅಲ್ಲಮರೇ. ಮುಂದೆ ಅವರು ಶ್ರೀಶೈಲದ ಕದಳೀವನದಲ್ಲಿ ಬಯಲಾದರೆಂಬುದು ಶರಣ ಪರಂಪರೆಯ ನಂಬಿಕೆ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಅವರ ವಚನಗಳನ್ನು ಇತರ ಶರಣರ ವಚನಗಳೊಡನೆ ಸಂವಾದವಾಗಿ ಜೋಡಿಸಿ ಮೊದಲ ಶೂನ್ಯಸಂಪಾದನೆಯನ್ನು ಸಿದ್ಧಗೊಳಿಸಿದನು; ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಅದನ್ನು ಮತ್ತೆ ಪರಿಷ್ಕರಿಸಿ ಬೆಳೆಸಿದರು.