ವೈದ್ಯವಿಜ್ಞಾನಿ ಯಲ್ಲಾಪ್ರಗಡ ಸುಬ್ಬರಾವ್

ಟೆಟ್ರಾಸೈಕ್ಲಿನ್ ಎಂಬ ಔಷಧದ ಹೆಸರು ನಮ್ಮ ಚೇಳೂರು, ಗುಬ್ಬಿಯ ಕಡೆಯ ಹಿರಿಯರಿಗೆಲ್ಲ ಪರಿಚಿತವಾದುದು. ಆರೋಗ್ಯ ಕೇಂದ್ರಗಳಲ್ಲಿ ಬಸುರಿಯರಿಗೆ ಕಬ್ಬಿಣಾಂಶದೊಡನೆ ಫೋಲಿಕ್ ಆಮ್ಲದ ಗುಳಿಗೆ ಕೊಡುವುದನ್ನು ಎಲ್ಲರೂ ಬಲ್ಲರು. ಆನೆಕಾಲು ರೋಗವಿರುವ ಜಿಲ್ಲೆಗಳಲ್ಲಿ ಡಿಇಸಿ ಗುಳಿಗೆಯನ್ನು ಮನೆಮನೆಗೂ ಹಂಚುತ್ತಾರೆ. ಇವುಗಳಲ್ಲಿ ಮೊದಲನೆಯದರ ಮೂಲ ಔಷಧವೂ ಉಳಿದೆರಡೂ ಒಂದೇ ಸಂಶೋಧನಾಲಯದಿಂದ, ಒಬ್ಬರೇ ಮಹನೀಯರ ನೇತೃತ್ವದಲ್ಲಿ, ಕೆಲವೇ ವರ್ಷಗಳ ಅವಧಿಯಲ್ಲಿ ಹೊರಬಂದವೆಂಬುದನ್ನು ಬಲ್ಲವರು ವಿರಳ. ಆ ಮಹನೀಯರು ನೆರೆಯ ಆಂಧ್ರದ ಡಾ. ಯಲ್ಲಾಪ್ರಗಡ ಸುಬ್ಬರಾವ್ ಅವರು. ದಾನಿಗಳ ಔದಾರ್ಯದಿಂದ ಬಡ ಮಕ್ಕಳು ಓದಿ ಮುಂದೆ ಬಂದ ನಮ್ಮ ವಿದ್ಯಾಸಂಸ್ಥೆಯ ಸಂಚಿಕೆಯಲ್ಲಿ ಅವರ ಚರಿತ್ರೆಯನ್ನು ನೆನೆಯುವುದಕ್ಕೆ ವಿಶೇಷ ಕಾರಣವುಂಟು. ಅವರೂ ಪರರ ಹಣದಿಂದಲೇ ಓದಿದವರು.

ಸುಬ್ಬರಾಯರು ಜನಿಸಿದುದು 1895ರ ಜನವರಿ 12ರಂದು, ಗೋದಾವರಿ ಸೀಮೆಯ ಭೀಮವರದಲ್ಲಿ. ಮನೆಯಲ್ಲಿ ಕಡುಬಡತನ. ಹದಿಮೂರರ ಪ್ರಾಯದಲ್ಲಿ ಹುಡುಗನು ಕಾಶಿಯಲ್ಲಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸುವೆನೆಂದು ಮನೆಬಿಟ್ಟು ಹೊರಟನು. ತಾಯಿ ವೆಂಕಮ್ಮನವರು ಅವನನ್ನು ಹಿಂದಕ್ಕೆ ಕರೆತರಿಸಿ ಶಾಲೆಗೇ ಕಳುಹಿಸಿದರು. ಆದರೂ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಎರಡು ಬಾರಿ ನಪಾಸಾಗಿ ಮೂರನೆಯ ಸಲ ತೇರ್ಗಡೆಯಾದನು. ಫಲಿತಾಂಶದ ಪಟ್ಟಿಯನ್ನು ಗೋಡೆಗೆ ಅಂಟಿಸುವ ನಮ್ಮಂತಹ ಉಪಾಧ್ಯಾಯರು ಇದನ್ನು ಆಗಾಗ ನೆನಪಿಸಿಕೊಳ್ಳುವುದು ಒಳಿತು.

ಮದರಾಸಿನಲ್ಲಿ ಓದುತ್ತಿದ್ದಾಗ ಸುಬ್ಬರಾಯರ ಮನಸ್ಸು ಸಂನ್ಯಾಸದತ್ತ ವಾಲಿತು. ಅವರು ರಾಮಕೃಷ್ಣ ಮಠದ ಆಶ್ರಯವನ್ನು ಬಯಸಿದರು. ಮಠದ ಹಿರಿಯರು ಅವರಿಗೆ ಕಾವಿ ತೊಡಿಸದೆ ವೈದ್ಯವಿದ್ಯೆಯನ್ನು ಕಲಿತು ಜನಸೇವೆ ಮಾಡುವಂತೆ ತಿಳಿಹೇಳಿದರು. ಅಂತೆಯೇ ಅವರು ಮದರಾಸು ವೈದ್ಯಕೀಯ ಕಾಲೇಜನ್ನು ಸೇರಿದರು. ಅದು ಅಸಹಕಾರದ ಕಾಲ. ಖಾದಿಯ ನಿಲುವಂಗಿ ತೊಟ್ಟು ಶಸ್ತ್ರಚಿಕಿತ್ಸೆಯ ತರಗತಿಗೆ ಹೋದುದರಿಂದ ಆಂಗ್ಲ ಪ್ರಾಧ್ಯಾಪಕರ ಅಸಮಾಧಾನಕ್ಕೆ ಗುರಿಯಾದರು. ಎಂ.ಬಿ.ಬಿ.ಎಸ್. ದೊರೆಯದೆ ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಮಾಣಪತ್ರಕ್ಕೇ ತೃಪ್ತರಾಗಬೇಕಾಯಿತು. ಅಷ್ಟರಲ್ಲಿ ಸ್ಪ್ರೂ ಎಂಬ ಉಷ್ಣವಲಯದ ಹೊಟ್ಟೆಯ ವ್ಯಾಧಿಯು ಅವರ ಇಬ್ಬರು ಸೋದರರನ್ನು ಕೆಲವೇ ದಿನಗಳ ಅಂತರದಲ್ಲಿ ಕೊಂಡೊಯ್ದಿತು. ಅವರಿಗೂ ಅದೇ ರೋಗ ತಗುಲಿ, ಆಯುರ್ವೇದ ಪಂಡಿತರಾದ ಆಚಂಟ ಲಕ್ಷ್ಮೀಪತಿಗಳ ಚಿಕಿತ್ಸೆಯಿಂದ ಬದುಕಿದರು. ಬಳಿಕ ಮದರಾಸಿನ ಆಯುರ್ವೇದ ಕಾಲೇಜಿನಲ್ಲಿಯೇ ಕೆಲಕಾಲ ಅಧ್ಯಾಪಕರಾಗಿದ್ದರು.

1920ರ ದಶಕದ ಆರಂಭದಲ್ಲಿ ಕಾಕಿನಾಡದ ಸತ್ಯಲಿಂಗ ನಾಯಕರ್ ಧರ್ಮಸಂಸ್ಥೆಯ ನೆರವಿನಿಂದಲೂ ಮಾವನವರು ಕೊಟ್ಟ ಹಣದಿಂದಲೂ ಅವರು ಅಮೇರಿಕೆಗೆ ಪ್ರಯಾಣ ಮಾಡಿದರು. ಪತ್ನಿ ಶೇಷಗಿರಿಯವರು ಆಗ ಗರ್ಭಿಣಿಯಾಗಿದ್ದರು. ಹುಟ್ಟಿದ ಗಂಡುಮಗು ಎಳವೆಯಲ್ಲಿಯೇ ತೀರಿಕೊಂಡಿತು. ತಂದೆ ಅದರ ಮುಖವನ್ನು ನೋಡಲಿಲ್ಲ.

ಬಾಸ್ಟನ್ ನಗರದ ಹಾರ್ವರ್ಡ್ ವಿದ್ಯಾಲಯದಲ್ಲಿ ಓದುತ್ತ, ಹೊಟ್ಟೆಪಾಡಿಗಾಗಿ ಅವರು ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿಯ ಚಾಕರಿ ಮಾಡಿದರು. ರಕ್ತದಲ್ಲಿರುವ ರಂಜಕದ ಪ್ರಮಾಣವನ್ನು ಅಳೆಯುವ ಕ್ರಮವೊಂದನ್ನು 1925ರಲ್ಲಿ ಸೈರಸ್ ಫಿಸ್ಕೆಯವರೊಡನೆ ಪ್ರಕಟಿಸಿದರು. ಫಿಸ್ಕೆ-ಸುಬ್ಬರಾವ್ ವಿಧಾನವೆಂದು ಅದು ಪ್ರಸಿದ್ಧವಾಗಿ, ಜೀವರಸಾಯನದ ವಿದ್ಯಾರ್ಥಿಗಳೆಲ್ಲ ಕಲಿಯುವ ಪಾಠವಾಯಿತು. ಸ್ನಾಯುಗಳಿಗೆ ಶಕ್ತಿಯೊದಗಿಸುವ ಫಾಸ್ಫೋಕ್ರಿಯಾಟಿನ್, ಎ.ಟಿ.ಪಿ. ಎಂಬ ವಸ್ತುಗಳನ್ನೂ ಈ ಜೋಡಿ ಗುರುತಿಸಿತು. 1930ರಲ್ಲಿ ಡಾಕ್ಟರೇಟ್ ದೊರೆಯಿತು. ಆದರೆ ಹಾರ್ವರ್ಡಿನಲ್ಲಿ ಖಾಯಂ ಹುದ್ದೆ ಮಾತ್ರ ಅವರಿಗೆ ಲಭಿಸಲಿಲ್ಲ. 1940ರಲ್ಲಿ ಅವರು ನ್ಯೂಯಾರ್ಕಿನ ಸಮೀಪದ ಪರ್ಲ್ ರಿವರ್ ಎಂಬಲ್ಲಿದ್ದ ಲೆಡರ್ಲೆ ಔಷಧ ಕಾರ್ಖಾನೆಯನ್ನು ಸೇರಿ, ಎರಡು ವರ್ಷಗಳಲ್ಲಿ ಅದರ ಸಂಶೋಧನಾ ನಿರ್ದೇಶಕರಾದರು.

ಅಲ್ಲಿಂದಾಚೆಗಿನ ಎಂಟು ವರ್ಷಗಳೇ ಅವರ ನಿಜವಾದ ಕಾಯಕದ ಕಾಲ. 1945ರಲ್ಲಿ ಅವರ ತಂಡವು ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಸ್ಪ್ರೂ ರೋಗಿಗಳ ರಕ್ತಹೀನತೆಗೆ ಅದು ಮದ್ದಾಯಿತು. ಸೋದರರನ್ನು ಕೊಂದ ರೋಗಕ್ಕೆ ಅಣ್ಣತಮ್ಮಂದಿರ ಪೈಕಿ ಉಳಿದವನು ಹೀಗೆ ಉತ್ತರ ಕೊಟ್ಟನು. ಅದೇ ಆಮ್ಲದ ರಚನೆಯನ್ನು ಕೊಂಚ ಮಾರ್ಪಡಿಸಿ ಸಿದ್ಧಪಡಿಸಿದ ಅಮೈನಾಪ್ಟೆರಿನ್ ಔಷಧದಿಂದ ಬಾಸ್ಟನ್ನಿನ ಸಿಡ್ನಿ ಫಾರ್ಬರರು ರಕ್ತಕ್ಯಾನ್ಸರಿನ ಮಕ್ಕಳಿಗೆ ಮೊದಲ ಬಾರಿಗೆ ತಾತ್ಕಾಲಿಕ ಉಪಶಮನವನ್ನು ದೊರಕಿಸಿದರು. ಆನೆಕಾಲಿನ ಡಿಇಸಿ 1947ರಲ್ಲಿ ಬಂದಿತು.

ಇನ್ನು ಪ್ರತಿಜೀವಕದ ವಿಚಾರ. ಪೆನಿಸಿಲಿನ್ ಆಗಲೇ ಬಳಕೆಗೆ ಬಂದಿದ್ದರೂ ಹಲವು ಜಾತಿಯ ರೋಗಾಣುಗಳ ಮೇಲೆ ಅದು ನಡೆಯುತ್ತಿರಲಿಲ್ಲ. ಅವುಗಳನ್ನೂ ಕೊಲ್ಲಬಲ್ಲ ವಸ್ತುವು ಮಣ್ಣಿನಲ್ಲಿ ದೊರೆಯಬಹುದೆಂದು ಲೆಡರ್ಲೆಯಲ್ಲಿ ಶೋಧನೆ ನಡೆಯಿತು. ಈ ಕೆಲಸಕ್ಕೆ ನೇಮಕಗೊಂಡವರು ಬೆಂಜಮಿನ್ ಡಗ್ಗರ್ ಎಂಬ ಸಸ್ಯವಿಜ್ಞಾನಿ. ಅವರು ವಿಶ್ವವಿದ್ಯಾಲಯದಿಂದ ನಿವೃತ್ತರಾಗಿ ಎಪ್ಪತ್ತು ದಾಟಿದ ವೃದ್ಧರು. ನಾನಾ ಕಡೆಗಳಿಂದ ಮಣ್ಣಿನ ಮಾದರಿಗಳನ್ನು ತರಿಸಿ ಒಂದೊಂದನ್ನೂ ಪರೀಕ್ಷಿಸಲಾಯಿತು. ಮೊದಲ ಮಳೆ ಬಿದ್ದಾಗ ನಮ್ಮ ತೋಟ ಹೊಲಗಳಿಂದ ಏಳುವ ಕಂಪನ್ನು ಎಲ್ಲರೂ ಆಸ್ವಾದಿಸಿದ್ದೇವೆ. ಆ ಕಂಪಿಗೆ ಬಹುಮಟ್ಟಿಗೆ ಕಾರಣವಾದ ಸ್ಟ್ರೆಪ್ಟೋಮೈಸಿಸ್ ಎಂಬ ಸೂಕ್ಷ್ಮಜೀವಿಗಳೇ ಈ ಶೋಧನೆಯ ಗುರಿ. ಮಿಸೌರಿ ವಿಶ್ವವಿದ್ಯಾಲಯದ ಸ್ಯಾನ್‌ಬಾರ್ನ್ ಹೊಲದ 23ನೆಯ ತಾಕಿನಿಂದ 1945ರಲ್ಲಿ ಬಂದ ಮಣ್ಣಿನಲ್ಲಿ ಹೊನ್ನಿನ ಬಣ್ಣದ ಸೂಕ್ಷ್ಮಜೀವಿಯೊಂದು ದೊರೆಯಿತು. 1888ರಿಂದ ಗೊಬ್ಬರ ಕಾಣದೆ ಹುಲ್ಲು ಬೆಳೆಯುತ್ತಿದ್ದ ತಾಕು ಅದು! ಅದರಿಂದ ಪಡೆದ ಔಷಧಕ್ಕೆ ಬಣ್ಣದಿಂದಾಗಿಯೇ ಆರಿಯೋಮೈಸಿನ್ ಎಂಬ ಹೆಸರು ಬಂದಿತು. ಹಾರ್ಲೆಮ್ ಆಸ್ಪತ್ರೆಯ ಕಪ್ಪು ಜನಾಂಗದ ಶಸ್ತ್ರವೈದ್ಯ ಲೂಯಿ ರೈಟ್ ಅದನ್ನು ಮೊದಲಿಗೆ ರೋಗಿಗಳಿಗೆ ಕೊಟ್ಟು ನೋಡಿದರು. ಬಾಯಿಯ ಮೂಲಕ ನುಂಗಬಹುದಾದ, ಟೈಫಸ್‌ನಂತಹ ಜ್ವರಗಳನ್ನೂ ಗುಣಪಡಿಸುವ ಔಷಧವದು. ಟೆಟ್ರಾಸೈಕ್ಲಿನ್ ವರ್ಗಕ್ಕೆ ಅದೇ ಮೂಲಪುರುಷ.

1948ರ ಜುಲೈನಲ್ಲಿ ಅದರ ವಿವರವು ವಿದ್ವತ್ಸಭೆಯಲ್ಲಿ ಬೆಳಕಿಗೆ ಬಂದಿತು. ಪ್ರಬಂಧದ ಮೇಲಿದ್ದುದು ಡಗ್ಗರರ ಹೆಸರೊಂದೇ. ಮುಂದಿನ ತಿಂಗಳಲ್ಲಿ ಸುಬ್ಬರಾಯರು ಹೃದಯಾಘಾತದಿಂದ ನಿಧನರಾದರು. ಆಗ ಅವರ ವಯಸ್ಸು 53.

ಆ ಔಷಧದ ಮುಂದಿನ ಕಥೆಯನ್ನು ಹೇಳದಿದ್ದರೆ ಈ ಚರಿತ್ರೆ ಅಪೂರ್ಣ. ರೋಗಾಣುವಿನೊಳಗೆ ಸಸಾರಜನಕವನ್ನು ನೇಯುವ ರೈಬೋಸೋಮ್ ಎಂಬ ಮಗ್ಗಕ್ಕೆ ಟೆಟ್ರಾಸೈಕ್ಲಿನ್ ಅಡ್ಡಗಟ್ಟುತ್ತದೆ. 1953ರಲ್ಲಿಯೇ ಅದಕ್ಕೆ ಜಗ್ಗದ ಆಮಶಂಕೆಯ ರೋಗಾಣುವೊಂದು ಕಾಣಿಸಿತು. ಕೆಲವು ರೋಗಾಣುಗಳು ಔಷಧವನ್ನು ಪಂಪಿನಂತೆ ಹೊರಕ್ಕೆ ಎತ್ತಿಹಾಕಲು ಕಲಿತವು. ಇನ್ನು ಕೆಲವು ಆ ಮಗ್ಗಕ್ಕೇ ಕಾವಲು ನಿಲ್ಲಿಸಿದವು. ಮನುಷ್ಯನ ಲೋಭವೂ ಇದಕ್ಕೆ ಗೊಬ್ಬರವಾಯಿತು. ಸುಬ್ಬರಾಯರು ಗತಿಸಿದ ಒಂದೆರಡು ವರ್ಷಗಳಲ್ಲಿಯೇ, ಅವರು ಕಟ್ಟಿ ಬೆಳೆಸಿದ ಸಂಶೋಧನಾಲಯದಲ್ಲಿಯೇ, ಈ ಔಷಧವನ್ನು ಮೇವಿಗೆ ಬೆರೆಸಿದರೆ ಕೋಳಿಮರಿಗಳು ಬೇಗ ಕೊಬ್ಬುವುದೆಂದು ಕಂಡುಹಿಡಿದರು. ಜಾನುವಾರುಗಳಿಗೆ ರೋಗವಿಲ್ಲದಿದ್ದರೂ ಔಷಧ ತಿನ್ನಿಸುವ ವ್ಯಾಪಾರವು ಲೋಕದಲ್ಲೆಲ್ಲ ಹಬ್ಬಿತು. ನಮ್ಮ ಹಳ್ಳಿಗಳಲ್ಲಿ ನಾವು ಮಾಡುತ್ತ ಬಂದಿರುವುದೂ ಲಘುವಾದ ತಪ್ಪಲ್ಲ. ಐದು ದಿನದ ಗುಳಿಗೆಯನ್ನು ಎರಡು ದಿನಕ್ಕೆ ಬಿಡುವುದು, ಮಿಕ್ಕುದನ್ನು ನೆರೆಮನೆಯವರಿಗೆ ಕೊಡುವುದು ದಾಸೋಹವೆನಿಸುವುದಿಲ್ಲ.

ಇದಕ್ಕೆ ಪ್ರತಿಯಾಗಿ ಪರ್ಲ್ ರಿವರಿನ ರಸಾಯನಜ್ಞರು 1990ರ ದಶಕದಲ್ಲಿ ಹೊಸ ದಾರಿ ಹಿಡಿದರು. ಮಣ್ಣಿನಲ್ಲಿ ಅರಸುವ ಬದಲು, ಹಳೆಯ ಅಣುವಿನ ಒಂಬತ್ತನೆಯ ಇಂಗಾಲದ ಸ್ಥಾನಕ್ಕೆ ಹೊಸದೊಂದು ಕೊಂಡಿಯನ್ನು ಜೋಡಿಸಿದರು. ರೋಗಾಣುವಿನ ಪಂಪು ಅದನ್ನು ಸುಲಭವಾಗಿ ಹಿಡಿಯಲಾರದು. ಮಗ್ಗಕ್ಕೆ ಅದು ಹೆಚ್ಚು ಬಿಗಿಯಾಗಿ ಅಂಟುತ್ತದೆ. ಟಿಗೆಸೈಕ್ಲಿನ್ ಎಂಬ ಈ ಔಷಧಕ್ಕೆ 2005ರಲ್ಲಿ ಅಮೇರಿಕೆಯ ಅನುಮತಿ ದೊರೆಯಿತು. ಇದನ್ನು ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕವೇ ಕೊಡಬೇಕು. ಅದಕ್ಕೂ ಬಗ್ಗದಿರುವ, ಒಂದು ರೋಗಾಣುವಿನಿಂದ ಇನ್ನೊಂದಕ್ಕೆ ದಾಟಬಲ್ಲ ಗುಣಾಣುಗಳು 2019ರಲ್ಲಿ ಚೀನಾದಲ್ಲಿ ವರದಿಯಾದವು. ನಮ್ಮ ಬೆಂಗಳೂರಿನಲ್ಲಿಯೂ 2014ರಲ್ಲಿ ಸ್ಥಾಪಿತವಾದ ಬಗ್‌ವರ್ಕ್ಸ್ ಸಂಸ್ಥೆಯವರು, ರೋಗಾಣುವಿನ ಎರಡು ಕಿಣ್ವಗಳನ್ನು ಏಕಕಾಲದಲ್ಲಿ ತಡೆಯುವ ಹೊಸ ಅಣುವನ್ನು ರೂಪಿಸಿದ್ದಾರೆ. ಎರಡು ಬಾಗಿಲಿಗೂ ಒಮ್ಮೆಲೇ ಬೀಗ ಬಿದ್ದರೆ ರೋಗಾಣುವು ಪಾರಾಗುವುದು ಕಷ್ಟವೆಂಬುದು ಇದರ ಹಿಂದಿರುವ ವಿಚಾರ.

ಸುಬ್ಬರಾಯರು ಭಾರತಕ್ಕೆ ಮರಳಿ ಬರಲೇ ಇಲ್ಲ. ಶೇಷಗಿರಿಯವರು ಇಪ್ಪತ್ತೈದು ವರ್ಷಗಳಷ್ಟು ಕಾಲ ಕಾದರು. ಲೋಕೋಪಕಾರದ ಲೆಕ್ಕದಲ್ಲಿ ಆ ತಾಯಿಯ ಪಾಲನ್ನೂ ಬರೆಯಬೇಕೆಂದು ನನ್ನ ಭಾವನೆ. ಭಾರತ ಸರ್ಕಾರವು 1995ರಲ್ಲಿ, ಜನ್ಮಶತಾಬ್ದಿಯ ವರ್ಷ, ಅವರ ಅಂಚೆಚೀಟಿಯನ್ನು ಹೊರತಂದಿತು. ಅದಕ್ಕೂ ಬಹು ಹಿಂದೆ, 1953ರಲ್ಲಿ, ಲೆಡರ್ಲೆಯ ಶಿಲೀಂಧ್ರತಜ್ಞರೊಬ್ಬರು ಕೊಳಚೆನೀರು ಸೋಸುವ ಹಾಸಿನಲ್ಲಿ ದೊರೆತ ಹೊಸ ಶಿಲೀಂಧ್ರವೊಂದಕ್ಕೆ ಸುಬ್ಬರೋಮೈಸಿಸ್ ಎಂದು ಹೆಸರಿಟ್ಟಿದ್ದರು.