ಮನೆಯಲ್ಲಿ ಮರಾಠಿ, ಕವಿತೆಯಲ್ಲಿ ಹಿಂದಿ

ಗುರುಗ್ರಾಮದಲ್ಲಿ ಮನೆ ಮಾಡಿದ ಮೇಲೆ ದೆಹಲಿಯ ಏಮ್ಸ್ ಆಸ್ಪತ್ರೆ ನನಗೆ ಆಫೀಸಿನಷ್ಟೇ ಪರಿಚಯ. ಧಾರವಾಡದಿಂದ ಯಾರೇ ಚಿಕಿತ್ಸೆಗೆ ಬಂದರೂ ಮೆಟ್ರೊದಲ್ಲಿ ಕರೆದುಕೊಂಡು ಹೋಗುವ ಕೆಲಸ ನನ್ನದು. ಒಮ್ಮೆ ದೊಡ್ಡಪ್ಪನನ್ನು ಒಳಗೆ ಕಳಿಸಿ ಹೊರಗೆ ಕಾಯುತ್ತಿದ್ದಾಗ ಸಹೋದ್ಯೋಗಿಯೊಬ್ಬ ಫೋನ್ ಮಾಡಿದ. ಛತ್ತೀಸಗಢದ ರಾಜನಾಂದಗಾಂವ್‌ನವನು. ತನ್ನೂರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ದೊಡ್ಡ ಕವಿಯೊಬ್ಬರು ಕೊನೆಯುಸಿರೆಳೆದದ್ದು ಇದೇ ಆಸ್ಪತ್ರೆಯಲ್ಲಿ ಎಂದ. ಹೆಸರು ಗಜಾನನ ಮಾಧವ ಮುಕ್ತಿಬೋಧ.

ಹೆಸರು ಕೇಳಿದರೆ ಮರಾಠಿಯವರಂತಿದೆಯಲ್ಲ ಎಂದುಕೊಂಡೆ. ಹೌದು, ಮನೆಮಾತು ಮರಾಠಿಯೇ. 1917ರ ನವೆಂಬರ್ 13ರಂದು ಆಗಿನ ಗ್ವಾಲಿಯರ್ ಸಂಸ್ಥಾನದ ಶ್ಯೋಪುರದಲ್ಲಿ ಹುಟ್ಟಿದರು. ತಂದೆ ಪೊಲೀಸ್ ಅಧಿಕಾರಿ. ಮಗ ಕವಿತೆಗೆ ಆರಿಸಿಕೊಂಡದ್ದು ಹಿಂದಿಯನ್ನು. ತಮ್ಮ ಶರಚ್ಚಂದ್ರ ಮುಕ್ತಿಬೋಧ ಮರಾಠಿಯಲ್ಲೇ ಬರೆದು ಅಲ್ಲಿ ಹೆಸರಾದರು. ಮನೆಮಾತು ಮರಾಠಿಯಾಗಿದ್ದ ಬೇಂದ್ರೆಯವರ ಊರಿನವನಾದ ನನಗೆ ಇದು ವಿಚಿತ್ರ ಅನ್ನಿಸಲಿಲ್ಲ.

1943ರಲ್ಲಿ ಅಜ್ಞೇಯರು ಸಂಪಾದಿಸಿದ 'ತಾರ್ ಸಪ್ತಕ್' ಸಂಕಲನದ ಏಳು ಕವಿಗಳಲ್ಲಿ ಮುಕ್ತಿಬೋಧರೂ ಒಬ್ಬರು. ಹೆಸರು ಬಂತು, ಹೊಟ್ಟೆಪಾಡು ಸರಿಹೋಗಲಿಲ್ಲ. ಶಾಲೆಯ ಮೇಷ್ಟ್ರುಗಿರಿ, ಆಕಾಶವಾಣಿ, ಪತ್ರಿಕೆ ಎಂದು ಕೆಲಸ ಬದಲಾಯಿಸುತ್ತ ಉಜ್ಜಯಿನಿ, ಬನಾರಸ್, ಜಬಲ್‌ಪುರ, ನಾಗಪುರ ಸುತ್ತಿದರು. ರಾಜನಾಂದಗಾಂವ್‌ನ ದಿಗ್ವಿಜಯ ಕಾಲೇಜಿನಲ್ಲಿ ಅಧ್ಯಾಪಕರಾದದ್ದು 1958ರಲ್ಲಿ, ನಲವತ್ತು ತುಂಬಿದ ಮೇಲೆ. ನೆಮ್ಮದಿ ಅಲ್ಲೂ ಪೂರ್ತಿ ಸಿಗಲಿಲ್ಲ. ಭಾರತದ ಇತಿಹಾಸ, ಸಂಸ್ಕೃತಿಯ ಬಗ್ಗೆ ಅವರು ಬರೆದ ಪಠ್ಯಪುಸ್ತಕವನ್ನು 1962ರಲ್ಲಿ ಮಧ್ಯಪ್ರದೇಶ ಸರ್ಕಾರ ನಿಷೇಧಿಸಿತು.

1964ರ ಆರಂಭದಲ್ಲಿ ಪಾರ್ಶ್ವವಾಯು ಬಡಿಯಿತು. ಮೊದಲು ಭೋಪಾಲ್, ಆಮೇಲೆ ದೆಹಲಿಯ ಏಮ್ಸ್. ಸೆಪ್ಟೆಂಬರ್ 11ರಂದು ತೀರಿಕೊಂಡಾಗ ವಯಸ್ಸು ಬರೀ 46. ಅವರ ಮೊದಲ ಕವನ ಸಂಕಲನ 'ಚಾಂದ್ ಕಾ ಮುಂಹ್ ಟೇಢಾ ಹೈ' ಹೊರಬಂದದ್ದು ಆ ವರ್ಷವೇ, ಅವರು ಹೋದ ನಂತರ. ಇಪ್ಪತ್ತಕ್ಕೂ ಹೆಚ್ಚು ವರ್ಷ ಕವಿತೆ ಬರೆದವರಿಗೆ ತಮ್ಮದೇ ಸಂಕಲನವನ್ನು ಕೈಯಲ್ಲಿ ಹಿಡಿಯುವ ಯೋಗ ಇರಲಿಲ್ಲ. ಅದರಲ್ಲಿರುವ 'ಅಂಧೇರೆ ಮೇಂ' ಎಂಬ ದೀರ್ಘ ಕವಿತೆಯನ್ನು ಬಿಟ್ಟು ಇಂದು ಆಧುನಿಕ ಹಿಂದಿ ಕಾವ್ಯದ ಮಾತೇ ಆಡುವಂತಿಲ್ಲ.

ಆ ಪುಸ್ತಕ ತರಿಸಿಕೊಂಡೆ. ನನ್ನದು ಮೀಟಿಂಗಿಗೂ ತರಕಾರಿ ಅಂಗಡಿಗೂ ಸಾಕಾಗುವಷ್ಟು ಹಿಂದಿ. ನಾಲ್ಕನೇ ತರಗತಿಯ ಮಗಳನ್ನು ಕೂರಿಸಿಕೊಂಡು ಓದಿಸಿದೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ ಕೊಡುವವಳು ಅವಳು. ಇದೇ ನಮ್ಮ ಮನೆಯ ನಿತ್ಯದ ಜಗಳ. ಓದಿದ್ದು ಅವಳು, ನಿಘಂಟು ಹಿಡಿದು ಅರ್ಥ ಹುಡುಕಿದ್ದು ನಾನು.

'ಬ್ರಹ್ಮರಾಕ್ಷಸ್' ಎಂಬ ಕವಿತೆ ಬಂತು. ಊರಾಚೆಯ ಪಾಳುಬಾವಿಯಲ್ಲಿ ಒಂದು ಬ್ರಹ್ಮರಾಕ್ಷಸ. ಬದುಕಿದ್ದಾಗ ದೊಡ್ಡ ವಿದ್ವಾಂಸ. ಮೈಗಂಟಿದ ಕೊಳೆ ಹೋಗಲೆಂದು ಉಜ್ಜುತ್ತಲೇ ಇರುತ್ತಾನೆ, ಹೋಗುವುದಿಲ್ಲ. ಕೊನೆಗೆ ಕವಿ, ತಾನು ಅವನ ಶಿಷ್ಯನಾಗಿ ಅವನು ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸಬೇಕೆಂದು ಆಸೆಪಡುತ್ತಾರೆ.

ನಮ್ಮಜ್ಜಿಯೂ ಇದೇ ಹೇಳುತ್ತಿದ್ದರು: ಕಲಿತ ವಿದ್ಯೆಯನ್ನು ಯಾರಿಗೂ ಕೊಡದೆ ಸತ್ತವನು ಬ್ರಹ್ಮರಾಕ್ಷಸನಾಗುತ್ತಾನೆ. ಆ ಕಥೆಯನ್ನು ಮಗಳಿಗೆ ಕನ್ನಡದಲ್ಲಿ ಹೇಳಿದೆ. ಬಾಯಿ ಬಿಟ್ಟುಕೊಂಡು ಕೇಳಿದಳು. ಇಷ್ಟು ದಿನ ಯಾಕೆ ಹೇಳಿರಲಿಲ್ಲ ಎಂದು ಕೇಳಿದಳು, ಹಿಂದಿಯಲ್ಲೇ.

ನನ್ನಲ್ಲಿ ಉತ್ತರ ಇರಲಿಲ್ಲ. ಹಿಂದಿ ಅವಳ ಕನ್ನಡವನ್ನು ಕಿತ್ತುಕೊಳ್ಳುತ್ತಿದೆ ಎಂದು ವರ್ಷಗಳಿಂದ ದೂರುತ್ತಿದ್ದೆ. ಅಜ್ಜಿ ಹೇಳಿದ ಒಂದೇ ಒಂದು ಕಥೆಯನ್ನೂ ನಾನು ಅವಳಿಗೆ ದಾಟಿಸಿರಲಿಲ್ಲ. ಎಂಟೆಕ್ ಮಾಡಿ, ದಿನಕ್ಕೆ ಹತ್ತು ಗಂಟೆ ಕೋಡ್ ಬರೆದು, ರಾತ್ರಿ ಮೊಬೈಲ್ ನೋಡುತ್ತ ಮಲಗುವ ನಾನು ಯಾವ ಬಾವಿಯಲ್ಲಿದ್ದೆನೋ!

ಈಗ ಪ್ರತಿ ರಾತ್ರಿ ಒಂದು ಕಥೆ. ನಾನು ಕನ್ನಡದಲ್ಲಿ ಹೇಳುತ್ತೇನೆ, ಅವಳು ಹಿಂದಿಯಲ್ಲಿ ಪ್ರಶ್ನೆ ಕೇಳುತ್ತಾಳೆ. ಮೊನ್ನೆ ಕರೆಂಟು ಹೋದಾಗ ಮಾತ್ರ 'ಆಮೇಲೆ?' ಅಂದಳು.