ಸ್ಮರಣೆ: ಚಿಯೆನ್-ಶಿಯುಂಗ್ ವು (1912–1997)



ಈ ಸಲ ನಾವು ನೆನೆಯುತ್ತಿರುವುದು ಭೌತವಿಜ್ಞಾನಿ ಚಿಯೆನ್-ಶಿಯುಂಗ್ ವು ಅವರನ್ನು. ಚೀನಾದ ಶಾಂಘೈ ಸಮೀಪದ ಲಿಯುಹೆಯಲ್ಲಿ 1912ರ ಮೇ 31ರಂದು ಇವರ ಜನನ. ಹೆಣ್ಣುಮಕ್ಕಳು ಓದುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ ತಂದೆಯೇ ಊರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. ಮಗಳು ಅಲ್ಲೇ ಅಕ್ಷರ ಕಲಿತರು. 1936ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದರು. 1940ರಲ್ಲಿ ಬರ್ಕ್ಲಿಯಲ್ಲಿ ಡಾಕ್ಟರೇಟ್ ಪಡೆದು, ಮುಂದೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು.

ಪ್ರಕೃತಿಗೆ ಎಡ-ಬಲದ ಭೇದವಿಲ್ಲ, ಕನ್ನಡಿಯಲ್ಲಿ ಕಾಣುವಂಥದ್ದೆಲ್ಲ ಹೊರಗೂ ನಡೆಯಬಲ್ಲದು ಎಂದು ಆಗ ಎಲ್ಲರೂ ನಂಬಿದ್ದರು. ಪರಮಾಣು ಬೀಜದಿಂದ ಎಲೆಕ್ಟ್ರಾನ್ ಹೊರಬೀಳುವ ಕ್ರಿಯೆಯಲ್ಲಿ ಇದನ್ನು ಯಾರೂ ಪರೀಕ್ಷಿಸಿಲ್ಲವೆಂದು 1956ರಲ್ಲಿ ಲೀ ಮತ್ತು ಯಾಂಗ್ ತೋರಿಸಿದರು. ಆ ವರ್ಷ ವು ದಂಪತಿ ಯುರೋಪ್ ಮತ್ತು ಪೂರ್ವದೇಶಗಳ ಪ್ರವಾಸಕ್ಕೆ ಹಡಗಿನ ಟಿಕೆಟ್ ತೆಗೆದಿದ್ದರು. ಪತಿ ಒಬ್ಬರೇ ಹೊರಟರು. ವು ಪ್ರಯೋಗಕ್ಕೆ ನಿಂತರು.

ವಾಷಿಂಗ್ಟನ್ನಿನಲ್ಲಿ ಆಂಬ್ಲರ್ ಮತ್ತಿತರರ ಜೊತೆ ಕೋಬಾಲ್ಟ್-60 ಅನ್ನು ಪರಮಶೂನ್ಯದ ತೀರಾ ಸಮೀಪಕ್ಕೆ ತಣಿಸಿ, ಅದರ ಪರಮಾಣು ಬೀಜಗಳು ಬುಗುರಿಗಳಂತೆ ಒಂದೇ ದಿಕ್ಕಿಗೆ ತಿರುಗುವಂತೆ ಕಾಂತದಿಂದ ಸಾಲುಗೊಳಿಸಿದರು. ತಿರುಗುವ ಬುಗುರಿಯ ಎದುರು ಕನ್ನಡಿ ಹಿಡಿದು ನೋಡಿ: ತಿರುಗುವ ದಿಕ್ಕು ಉಲ್ಟಾ ಆಗುತ್ತದೆ, ಮೇಲು-ಕೆಳಗು ಬದಲಾಗುವುದಿಲ್ಲ. ಆದ್ದರಿಂದ ಪ್ರಕೃತಿಗೆ ಭೇದವಿಲ್ಲದಿದ್ದರೆ ಎಲೆಕ್ಟ್ರಾನುಗಳು ಎರಡೂ ಕಡೆಗೆ ಸಮನಾಗಿ ಹಾರಬೇಕಿತ್ತು. ಒಂದು ಕಡೆಗೇ ಹೆಚ್ಚು ಹಾರಿದವು. 1957ರ ಆರಂಭದಲ್ಲಿ ಫಲಿತಾಂಶ ಪ್ರಕಟವಾಯಿತು, ನಂಬಿಕೆ ಬಿತ್ತು. ಆ ಬಿರುಕಿನ ಹಿಂದೆಯೇ 1964ರಲ್ಲಿ ಕ್ರೋನಿನ್ ಮತ್ತು ಫಿಚ್ ತಂಡ ಇನ್ನೊಂದು ಸಮಮಿತಿಭಂಗ ಕಂಡಿತು. ಕಾಲವನ್ನು ಹಿಂದಕ್ಕೆ ತಿರುಗಿಸಿದರೆ ಕೆಲವು ಕಣಗಳ ವರ್ತನೆ ಮೊದಲಿನಂತೆಯೇ ಇರದು ಎಂಬುದು ಅದರಿಂದ ಹೊರಟ ತೀರ್ಮಾನ.

1957ರ ನೊಬೆಲ್ ಲೀ ಮತ್ತು ಯಾಂಗ್ ಇಬ್ಬರಿಗೇ ಬಂತು. ಅನುಮಾನ ಎತ್ತಿದವರಿಗೆ ಬಹುಮಾನ, ಸಾಬೀತು ಮಾಡಿದವರಿಗೆ ಇಲ್ಲ. ವು ಕೆಲಸ ನಿಲ್ಲಿಸಲಿಲ್ಲ. 1978ರಲ್ಲಿ ಭೌತವಿಜ್ಞಾನದ ಮೊದಲ ವುಲ್ಫ್ ಪ್ರಶಸ್ತಿ ಅವರಿಗೆ ಸಂದಿತು.

ಆದರೆ ದೊಡ್ಡ ನಷ್ಟ ಬೇರೆಯೇ ಇತ್ತು. ಯುದ್ಧ, ಆಮೇಲೆ ದೇಶದೇಶಗಳ ವೈರ. ಹೆತ್ತವರ ಮುಖವನ್ನು ಅವರು ಮತ್ತೆ ಕಾಣಲಿಲ್ಲ. 1973ರಲ್ಲಿ ತವರು ದೇಶಕ್ಕೆ ಕಾಲಿಟ್ಟಾಗ ತಂದೆತಾಯಿ ಇರಲಿಲ್ಲ. 1997ರ ಫೆಬ್ರವರಿ 16ರಂದು ವು ತೀರಿಕೊಂಡರು. ಅವರ ಚಿತಾಭಸ್ಮ ತಂದೆ ಕಟ್ಟಿದ ಆ ಶಾಲೆಯ ಅಂಗಳದಲ್ಲೇ ಇದೆ.

ಮನೆಯಲ್ಲಿ ಓದುವ ಹೆಣ್ಣುಮಕ್ಕಳಿದ್ದರೆ ಇದನ್ನು ಓದಿ ಹೇಳಿ ಎಂದು ವಿನಂತಿ.

– ಕಾರ್ಯದರ್ಶಿ